ರುಚಿ ನೋಡುವವರಿಲ್ಲದ ಶರಬತ್ತು

ಕೊರ್ತಾಲಿಮ್, ಗೋವಾ
2 ಅಕ್ಟೋಬರ್ 2006, ಸೋಮವಾರ

ಪ್ರೀತಿಯ ಮಗ ಮಜರನಿಗೆ ನಿನ್ನ ಅಪ್ಪನ ಸಲಾಂ, ದುವಾ.

ಹೇಗಿದ್ದೀಯಪ್ಪಾ? ಮಸ್ಕತ್‌ನಲ್ಲಿ ಇನ್ನೂ ಬಿಸಿಲು ಇಳಿದಿಲ್ಲವೆಂದು ಕೇಳಿದೆ. ರಂಜಾನಿನ ರೋಜಾ ಇಟ್ಟುಕೊಂಡು ಬರಿಹೊಟ್ಟೆಯಲ್ಲಿ ಏಣಿ ಹತ್ತಿ ವೈರಿಂಗ್ ಮಾಡುವಾಗ ಜೋಪಾನ. ತಲೆ ತಿರುಗಿದರೆ ಕೆಳಗಿಳಿದು ಕುಳಿತುಬಿಡು, ಮೇಸ್ತ್ರಿ ಏನೆಂದರೂ ಅನ್ನಲಿ. ಇಲ್ಲಿ ಮಳೆ ನಿಂತು ನಾಲ್ಕು ದಿನವಾಯಿತು. ಮಳೆ ನಿಂತ ಮೇಲೆ ನಿಮ್ಮಮ್ಮನ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನಂತೆಯೇ ಇದೆ. ನಿನ್ನ ಮಗಳು ಬಾಲವಾಡಿಯಲ್ಲಿ ಕೊಂಕಣಿ ಕಲಿತು ಮನೆಗೆ ಬಂದವರಿಗೆಲ್ಲ ‘ಯೋ, ಬೊಸ್’ ಎಂದು ಕರೆದು ಕೂಡಿಸುತ್ತಾಳೆ. ಹುಬ್ಬಳ್ಳಿ ಬಸ್ಸಿನಲ್ಲಿ ಬರುವ ಕನ್ನಡ ಪೇಪರು ಈಗ ಮಧ್ಯಾಹ್ನ ಹನ್ನೆರಡಕ್ಕೇ ಮುಟ್ಟುತ್ತದೆ, ಅದೊಂದು ಅನುಕೂಲ. ನಿನ್ನ ಹೆಂಡತಿ ರುಕ್ಸಾನಾ ಚೆನ್ನಾಗಿದ್ದಾಳೆ. ಆಕೆಯ ವಿಷಯ ಮುಂದೆ ವಿವರವಾಗಿ ಬರೆಯುತ್ತೇನೆ, ಬರೆಯದೆ ನನಗೆ ಸಮಾಧಾನವಾಗದು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಮನೆಯಲ್ಲಿರುವುದು ಒಂದೇ ಮೊಬೈಲು, ಅದೂ ನಿಮ್ಮಮ್ಮನ ಸೊಂಟದ ಚೀಲದಲ್ಲಿ.

ಮೊದಲು ನನ್ನ ಸುದ್ದಿ. ನನಗೆ ಸಕ್ಕರೆ ಕಾಯಿಲೆ ಬಂದಿದೆ. ಹೋದ ಬುಧವಾರ, ಮೂರನೆಯ ರೋಜಾದ ದಿನ, ಜೆಟ್ಟಿಯ ಹತ್ತಿರ ಕಣ್ಣು ಕತ್ತಲಿಟ್ಟು ಕುಳಿತುಬಿಟ್ಟೆ. ಖೇಮಪ್ಪ ನೋಡಿದ. ಇವನು ನೀನು ಹೋದ ಮೇಲೆ ನಮ್ಮ ಪಕ್ಕದ ಖೋಲಿಗೆ ಬಂದವನು, ಬಾಗಲಕೋಟೆ ಕಡೆಯ ಟೆಂಪೋ ಡ್ರೈವರು, ಹೆಂಡತಿ ಭಾಗವ್ವ. ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಕೂಡಿಸಿಕೊಂಡು ಸರಕಾರಿ ದವಾಖಾನೆಗೆ ಒಯ್ದ. ರಕ್ತದಲ್ಲಿ ಸಕ್ಕರೆ ಮುನ್ನೂರ ಹನ್ನೆರಡು. ಡಾಕ್ಟರಮ್ಮ, ‘ಬಾಬಾ, ಈ ತಿಂಗಳು ಉಪವಾಸ ಬಂದ್. ಹೊತ್ತಿಗೆ ಸರಿಯಾಗಿ ತಿಂದು ಗುಳಿಗೆ ನುಂಗಬೇಕು’ ಎಂದು ಹಿಂದಿಯಲ್ಲಿ ಎರಡು ಸಲ ಹೇಳಿದರು. ಅಂದಿನಿಂದ ನಾನು ರೋಜಾ ಹಿಡಿದಿಲ್ಲ. ಖೇಮಪ್ಪ ಟೆಂಪೋ ನಿಲ್ಲಿಸುವ ಶೆಡ್ಡಿನ ಹಿಂದೆ ದಿನಾ ಹನ್ನೊಂದಕ್ಕೆ ಎರಡು ಪಾವ್ ತಿಂದು ಗುಳಿಗೆ ನುಂಗುತ್ತಿದ್ದೆ. ಮನೆಯಲ್ಲಿ ಹೇಳಲಿಲ್ಲ. ಬೆಳಗಿನ ಜಾವ ಎದ್ದು ಎಲ್ಲರ ಜೊತೆ ಸಹರಿ ಊಟ ಮಾಡಿದೆ, ಸಂಜೆ ಎಲ್ಲರ ಜೊತೆ ಖರ್ಜೂರ ಬಾಯಿಗಿಟ್ಟೆ.

ಕಾಯಿಲೆಯವರಿಗೆ ಧರ್ಮದಲ್ಲೇ ರಿಯಾಯಿತಿ ಇದೆ, ಮುಚ್ಚಿಡುವುದೇಕೆ ಎಂದು ಕೇಳುತ್ತೀ. ಆ ರಿಯಾಯಿತಿಯನ್ನು ನಾನೇ ಹತ್ತು ಜನರಿಗೆ ತಿಳಿಸಿ ಹೇಳಿದ್ದೇನೆ. ಆದರೆ ಹೋದ ವರ್ಷದ ಒಂದು ಸಂಗತಿ ನಿನಗೆ ಗೊತ್ತಿಲ್ಲ. ಸೇತುವೆಯ ಹತ್ತಿರದ ಬಿಲ್ಡಿಂಗ್ ಕೆಲಸಕ್ಕೆ ಅಲ್ಲಾವುದ್ದೀನ ಎಂಬ ಹುಡುಗ ಬಂದಿದ್ದ, ಸೆಂಟ್ರಿಂಗ್ ಕೆಲಸದವನು, ಸಿಂದಗಿ ಕಡೆಯವನು. ರಂಜಾನಿನಲ್ಲಿ ಹಾಡಹಗಲು ಸಿಮೆಂಟ್ ಲಾರಿಯ ಹಿಂದೆ ಭಾಜಿ-ಪಾವ್ ತಿನ್ನುವಾಗ ನನ್ನ ಕಣ್ಣಿಗೆ ಬಿದ್ದ. ಸಂಜೆ ಇಫ್ತಾರಿಗೆ ಕುಳಿತ ಸಾಲಿನಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, ‘ಹೊಟ್ಟಿ ಒಂದ ದಿನ ತಡೀಲಿಲ್ಲೇನೋ ನಿಂದು?’ ಎಂದು ನಲವತ್ತು ಜನರ ಮುಂದೆ ಬೈದೆ. ಅಂದಿನಿಂದ ಸೈಟಿನಲ್ಲಿ ಅವನ ಹೆಸರೇ ‘ಪಾವ್’ ಎಂದಾಗಿದೆ. ಈಗ ಅದೇ ನಾನು ಹಗಲು ಹೊತ್ತು ಶೆಡ್ಡಿನ ಹಿಂದೆ ಪಾವ್ ತಿನ್ನುತ್ತೇನೆಂದು ಗೊತ್ತಾದರೆ ಯಾವ ಮುಖ ಹೊತ್ತು ಆ ಸಾಲಿನಲ್ಲಿ ಕೂಡುವುದು? ಈ ಸೇತುವೆಯ ಕೆಳಗೆ ನಮ್ಮ ಕಡೆಯ ಜನ ನನ್ನ ಮಾತಿಗೆ ಕೊಡುವ ಬೆಲೆಯೊಂದೇ ನನ್ನ ಗಳಿಕೆ. ಮೂವತ್ತು ವರ್ಷ ಕೂಲಿಯವರ ಮುಕಾದಮನಾಗಿ ದುಡಿದದ್ದಕ್ಕೆ ಉಳಿದದ್ದು ಅಷ್ಟೇ.

ಈಗ ನಿನ್ನ ಹೆಂಡತಿಯ ವಿಷಯ. ಪ್ರತಿ ರಂಜಾನಿನಲ್ಲಿ ಒಂದು ಭಾನುವಾರ ನಮ್ಮ ಕಡೆಯ ಕೆಲಸಗಾರರಿಗೆಲ್ಲ ಕೂಡಿ ಇಫ್ತಾರ್ ಇರುತ್ತದಲ್ಲ, ಈ ಸಲ ನಿನ್ನೆ ನಮ್ಮ ಅಂಗಳದಲ್ಲೇ ಇತ್ತು. ನಲವತ್ತು ಜನ. ಖರ್ಜೂರ, ಭಜಿ, ಗುಲಾಬಿ ಶರಬತ್ತು, ಪುಲಾವು ಎಂದು ನಾನು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ರುಕ್ಸಾನಾ ಶರಬತ್ತಿನ ಮೇಲೆ ಗೀಟು ಎಳೆದು ‘ಮಾಕ್‌ಟೇಲ್’ ಎಂದು ಬರೆದಳು. ಆರು ತಿಂಗಳಿನಿಂದ ಬೀಚಿನ ಕಡೆಯ ಹೋಟೆಲೊಂದರಲ್ಲಿ ಹಣ್ಣು ಹೆಚ್ಚುವ ಕೆಲಸಕ್ಕೆ ಹೋಗುತ್ತಿದ್ದಾಳಲ್ಲ, ಅಲ್ಲಿ ಕಲಿತದ್ದು. ಅನಾನಸ, ಪೇರಲ, ಕೋಕಂ ಹುಳಿ, ಹಸಿ ಶುಂಠಿ, ಹಸಿ ಮೆಣಸಿನಕಾಯಿ, ಹುರಿದ ಜೀರಿಗೆ, ಕರಿ ಉಪ್ಪು. ಹಣ್ಣಿನ ರಸಕ್ಕೆ ಮೆಣಸಿನಕಾಯಿ ಯಾಕಮ್ಮಾ ಎಂದರೆ, ‘ಫಾರಿನ್‌ನವರು ಕೇಳಿ ಕೇಳಿ ಕುಡೀತಾರ್ರಿ ಮಾವಾ’ ಎಂದಳು. ಫಾರಿನ್‌ನವರು ಹೊಟ್ಟೆ ತುಂಬ ತಿಂದು ಕುಡಿಯುತ್ತಾರೆ, ನಮ್ಮವರು ಹದಿಮೂರು ಗಂಟೆ ನೀರಿಲ್ಲದೆ ಕುಡಿಯುತ್ತಾರೆ ಎಂದು ಹೇಳಿದೆ. ಅತ್ತೆ-ಸೊಸೆ ಎಂದೂ ಒಂದಾಗದವರು ಅಂದು ಒಂದಾಗಿ ನನ್ನನ್ನು ಮಡಗಾಂವ್ ಮಾರ್ಕೆಟ್ಟಿಗೆ ಅಟ್ಟಿದರು. ಐದು ಅನಾನಸ, ನಾಲ್ಕು ಕಿಲೋ ಪೇರಲ ಹೊತ್ತು ತಂದೆ. ಮಂಜುಗಡ್ಡೆಯನ್ನು ಜೆಟ್ಟಿಯಿಂದ ತಂದರೆ ಬಂಗಡೆ ಮೀನಿನ ವಾಸನೆ ಎಂದು ವಾಪಸ್ಸು ಕಳಿಸಿದರು.

ಹೋಟೆಲಿನಲ್ಲಿ ಒಂದು ಗ್ಲಾಸಿಗೆ ಅರ್ಧ ಮೆಣಸಿನಕಾಯಿಯಂತೆ, ಆದ್ದರಿಂದ ನಲವತ್ತು ಗ್ಲಾಸಿಗೆ ಇಪ್ಪತ್ತು. ಲೆಕ್ಕ ಸರಿ. ಆದರೆ ಹೋಟೆಲಿನದು ಬೆರಳುದ್ದದ ದಪ್ಪ ಮೆಣಸಿನಕಾಯಿ, ನಮ್ಮ ಮನೆಯಲ್ಲಿದ್ದದ್ದು ಗಿಡ್ಡಗಿದ್ದರೂ ಬೆಂಕಿಯಂಥ ಲವಂಗಿ. ಇಪ್ಪತ್ತನ್ನೂ ಶುಂಠಿಯ ಜೊತೆ ಜಜ್ಜಿ ದೊಡ್ಡ ಪಾತೇಲಿಗೆ ಹಿಂಡಿ, ಸಾಯಂಕಾಲ ನಾಲ್ಕಕ್ಕೆ ಸೌಟು ಹಿಡಿದು ನಿಂತಾಗ ಆಕೆಗೆ ಹೊಳೆಯಿತು, ರುಚಿ ನೋಡುವವರು ಯಾರು? ಮನೆಮಂದಿಗೆಲ್ಲ ರೋಜಾ. ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರೆ ನಡೆಯುತ್ತದೆ ಎಂದು ಆಕೆ ಅಂದಳು. ನಿಮ್ಮಮ್ಮ, ‘ನಾಲಿಗಿ ಮ್ಯಾಲ ಇಟ್ಟಿದ್ದು ಒಳಗ ಹೋಗೂದಿಲ್ಲಂತ ಯಾರ ಬರಕೊಟ್ಟಾರ?’ ಎಂದು ಸೌಟನ್ನೇ ಕಸಿದುಕೊಂಡಳು. ಭಾಗವ್ವನನ್ನು ಕರೆದರೆ ಆಕೆಗೂ ಉಪವಾಸ, ಮಹಾನವಮಿ, ಘಟ ಹಾಕಿ ಒಂಬತ್ತನೆಯ ದಿನ, ಸಂಜೆ ದೀಪ ಹಚ್ಚುವವರೆಗೆ ಉಪ್ಪು ಮುಟ್ಟುವಂತಿಲ್ಲ. ನಿನ್ನ ಮಗಳು ಸಕ್ಕರೆ ಹಾಕುವಾಗ ಬಂದು ನೆಕ್ಕಿ ‘ಚಲೋ ಐತಿ’ ಎಂದವಳು ಮೆಣಸಿನಕಾಯಿ ಕಂಡ ಕೂಡಲೇ ಓಡಿಹೋಗಿದ್ದಳು. ಒಂದೇ ಅಂಗಳದಲ್ಲಿ ಎರಡು ಧರ್ಮದವರು ಹೀಗೆ ಒಂದೇ ದಿನ ಬಾಯಿ ಕಟ್ಟಿಕೊಂಡು ಕುಳಿತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಉಳಿದವನು ಖೇಮಪ್ಪ. ಆಯುಧ ಪೂಜೆಗೆಂದು ಟೆಂಪೋಕ್ಕೆ ಚೆಂಡು ಹೂವಿನ ಹಾರ ಹಾಕುತ್ತಿದ್ದವನನ್ನು ಕರೆದರು. ಅವನು ಬಂದು ಪಾತೇಲಿ ನೋಡಿದ, ನನ್ನನ್ನು ನೋಡಿದ, ಮೀಸೆಯಲ್ಲೇ ನಕ್ಕು, ‘ಸಾಹೇಬ್ರು ಇಲ್ಲೇ ಕುಂತಾರಲ್ರಿ ತಂಗಿ, ನಾ ಯಾಕ?’ ಎಂದ. ನನ್ನ ಜೀವ ಹಾರಿತು. ನಿಮ್ಮಮ್ಮ, ‘ಅವರು ರೋಜಾ ಅದಾರಪ್ಪಾ, ನಿನಗ ಅಷ್ಟೂ ಗೊತ್ತಿಲ್ಲೇನು?’ ಎಂದಳು. ‘ಹೌದ್ರಿ ಹೌದ್ರಿ, ಮರತಿದ್ದೆ’ ಎಂದು ಸೌಟು ಬಾಯಿಗಿಟ್ಟ. ಈ ಖೇಮಪ್ಪ ಹದಿನೈದನೆಯ ವಯಸ್ಸಿನಿಂದ ಸುಣ್ಣ-ತಂಬಾಕು ತಿಕ್ಕಿ ದವಡೆಗಿಟ್ಟುಕೊಳ್ಳುವವನು, ಅವನ ನಾಲಿಗೆಗೂ ಟೆಂಪೋದ ಟೈರಿಗೂ ವ್ಯತ್ಯಾಸವಿಲ್ಲ. ‘ಸಪ್ಪಗ ಐತ್ರಿ. ಇನ್ನೊಂದೀಟ ಖಾರ ಬೀಳ್ಲಿ’ ಎಂದ. ಎಂಟು ಮೆಣಸಿನಕಾಯಿ ಬಿದ್ದವು. ‘ಇನ್ನೂ ಏರಿಲ್ರಿ.’ ಮತ್ತೆ ಏಳು. ತಂಬಾಕು ಉಗುಳಿ ಬಾಯಿ ಮುಕ್ಕಳಿಸಿ ನೋಡೋ ಎಂದು ನಾನು ಕೂಗಿದೆ. ಮುಕ್ಕಳಿಸಿಯೂ ಅದೇ ಮಾತು. ಅದು ಅತಿಯಾಯಿತು, ಸಾಕು ಎಂದರೆ ನಿಮ್ಮಮ್ಮ, ‘ನೀವೇನ ಕುಡದ ನೋಡೀರೇನ್ರಿ? ಸುಮ್ಮ ಕುಂದರ್ರಿ’ ಎಂದಳು. ಕುಡಿದು ನೋಡಲು ಆ ಅಂಗಳದಲ್ಲಿ ಅಡ್ಡಿಯಿಲ್ಲದ ನೆಟ್ಟಗಿನ ನಾಲಿಗೆ ಇದ್ದದ್ದು ನನ್ನೊಬ್ಬನಿಗೇ. ಅದನ್ನು ಹೇಳುವಂತಿರಲಿಲ್ಲ. ಬರೀ ಘಾಟಿಗೇ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು.

ಆರಕ್ಕೆ ಜನ ಬಂದು ಚಾಪೆಯ ಮೇಲೆ ಕುಳಿತರು. ಸ್ಲಾಬಿನ ಕೆಲಸ ನಿಲ್ಲಿಸುವಂತಿಲ್ಲದ ಕಾರಣ ಭಾನುವಾರವೂ ಕಾಂಕ್ರೀಟು ಹೊತ್ತು ಬಂದವರು ಅರ್ಧಕ್ಕರ್ಧ, ಅವರ ತುಟಿಗಳು ಒಣಗಿ ಬಿಳಿಚಿಕೊಂಡಿದ್ದವು. ಅಲ್ಲಾವುದ್ದೀನ ಎಂದಿನಂತೆ ಸಾಲಿನ ಕೊನೆಗೆ ಕುಳಿತಿದ್ದ. ರುಕ್ಸಾನಾ ಗ್ಲಾಸಿನ ಅಂಚುಗಳನ್ನು ಲಿಂಬೆಹುಳಿಗೆ ಅದ್ದಿ ಉಪ್ಪು-ಖಾರದ ಪುಡಿಯಲ್ಲಿ ಹೊರಳಿಸಿ ಸಾಲಾಗಿ ಇಡುತ್ತಿದ್ದಳು. ಆರು ಇಪ್ಪತ್ತಕ್ಕೆ ಅಜಾನ್, ನನ್ನ ಗಡಿಯಾರದಲ್ಲಿ ಆರು ಐದು. ಆ ಬರಿಹೊಟ್ಟೆಗಳಿಗೆ ಆ ನೀರು ಇಳಿದರೆ ಏನಾಗುತ್ತದೆಂದು ಲೆಕ್ಕ ಹಾಕಿದೆ. ಆಮೇಲೆ ನಾನು ಯೋಚಿಸಿದ್ದು ನೆನಪಿಲ್ಲ. ಎದ್ದು ಹೋಗಿ ಸೌಟು ತೆಗೆದುಕೊಂಡು ಎಲ್ಲರೆದುರು ಒಂದು ಗುಟುಕು ಕುಡಿದೆ. ಮೊದಲು ಸಿಹಿ, ಆಮೇಲೆ ಹುಳಿ, ಐದು ಎಣಿಸುವವರೆಗೆ ಏನೂ ಇಲ್ಲ, ಆರಕ್ಕೆ ಗಂಟಲಿನಿಂದ ಕಿವಿಯವರೆಗೆ ಹತ್ತಿಕೊಂಡಿತು. ಯಾರೋ ‘ಚಾಚಾ, ಇನ್ನಾ ಟೈಮ್ ಆಗಿಲ್ರೀ’ ಎಂದರು. ನನಗೆ ರೋಜಾ ಇಲ್ಲ, ಸಕ್ಕರೆ ಕಾಯಿಲೆ, ಗುರುವಾರದಿಂದ ಬಿಟ್ಟಿದ್ದೇನೆ ಎಂದು ಹೇಳಿದೆ. ಕೆಮ್ಮಿನ ನಡುವೆ ಹೇಳಿದ್ದು, ಆದರೂ ಎಲ್ಲರಿಗೂ ಕೇಳಿಸಿತು. ಅರ್ಧ ತೆಗೆದಿಡಿ, ಎರಡು ಕೊಡ ನೀರು, ಒಂದು ಸೇರು ಬೆಲ್ಲ, ಉಳಿದ ಅನಾನಸ ಎಲ್ಲ ಹಾಕಿ ಎಂದೆ. ರುಕ್ಸಾನಾ ಅಳುತ್ತಲೇ ಹಾಕಿದಳು. ನಾನು ನಾಲ್ಕು ಸಲ ರುಚಿ ನೋಡಿದೆ. ಮುಚ್ಚಿಡಲು ಇನ್ನೇನು ಉಳಿದಿತ್ತು?

ನಿಜ ಹೇಳಬೇಕೆಂದರೆ ಕೊನೆಗೆ ಚೆನ್ನಾಗಿಯೇ ಆಯಿತು. ಎರಡೆರಡು ಗ್ಲಾಸು ಕುಡಿದರು. ಅಂಚಿನ ಉಪ್ಪು-ಖಾರ ಮಾತ್ರ ಯಾರಿಗೂ ತಿಳಿಯಲಿಲ್ಲ. ‘ಗ್ಲಾಸಿಗೆ ಏನೋ ಹತ್ತೇತ್ರಿ, ತೊಳದಿಲ್ಲೇನು?’ ಎಂದು ಒಬ್ಬೊಬ್ಬರಾಗಿ ಹೆಗಲ ಮೇಲಿನ ವಸ್ತ್ರದಿಂದ ನೀಟಾಗಿ ಒರೆಸಿ ಕುಡಿದರು. ಅದನ್ನು ನೋಡಿ ನಿನ್ನ ಹೆಂಡತಿ ಎರಡನೆಯ ಸಲ ಅತ್ತಳು. ಆಕೆಗೆ ಒಂದು ಒಳ್ಳೆಯ ಮಾತು ಬರೆ, ಕೈಗುಣ ಇದೆ, ಹಟ ಹೆಚ್ಚು.

ನಾನು ರೋಜಾ ಬಿಟ್ಟದ್ದಕ್ಕೆ ನಿಮ್ಮಮ್ಮ ಒಂದು ಮಾತೂ ಅನ್ನಲಿಲ್ಲ. ಆಕೆಯ ಸಿಟ್ಟು ಬೇರೆ. ‘ನಸಿಕಿನ್ಯಾಗ ನಾಕಕ್ಕ ಎದ್ದು ಕಾಲ ನೋವಿನ್ಯಾಗ ನಿಮಗ ರೊಟ್ಟಿ ಬಡದೇನಿ, ನೀವು ಹನ್ನೊಂದಕ್ಕ ಖೇಮಪ್ಪನ ಕೂಡ ಪಾವ್ ತಿಂದೀರಿ’ ಎಂದಳು, ಮುಂದೆ ಮಾತು ಬಿಟ್ಟಳು. ಇವತ್ತು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಡುಮನೆಯಲ್ಲಿ, ಬಾಗಿಲು ತೆರೆದಿಟ್ಟು, ತಾಟು ಇಟ್ಟಳು. ಓಣಿಯೆಲ್ಲ ನೋಡುವಂತೆ ಒಬ್ಬನೇ ಕುಳಿತು ತಿಂದೆ. ಬಿಟ್ಟ ಒಂದೊಂದು ರೋಜಾಕ್ಕೂ ಒಬ್ಬ ಬಡವನಿಗೆ ಊಟ ಹಾಕಬೇಕಲ್ಲ, ಅದನ್ನೂ ಇಂದಿನಿಂದಲೇ ಶುರು ಮಾಡಿದ್ದಾಳೆ. ಯಾರು ಬರಬೇಕೆಂದು ನನ್ನನ್ನು ಕೇಳಿಲ್ಲ.

ನಿನ್ನ ಆರೋಗ್ಯ ನೋಡಿಕೊ. ನೀನೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸು, ಇದು ಮನೆತನದಲ್ಲಿ ಬರುವ ಕಾಯಿಲೆಯಂತೆ. ಇವತ್ತು ಗಾಂಧಿ ಜಯಂತಿ, ಅಂಚೆ ಕಚೇರಿ ಮುಚ್ಚಿದೆ, ನಾಳೆ ಹಾಕುತ್ತೇನೆ. ಅಲ್ಲಾಹನು ನಿನ್ನನ್ನು ಬಿಸಿಲಿನಿಂದಲೂ ಕೆಟ್ಟ ಗಳಿಗೆಯಿಂದಲೂ ಕಾಯಲಿ.

ನಿನ್ನ ಅಪ್ಪ,
ಶಫೀಸಾಬ

ತಾ.ಕ.: ಮಂಗಳವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಅಲ್ಲಾವುದ್ದೀನ ಬಂದಿದ್ದ. ಕುಂಕಳ್ಳಿ ಫ್ಯಾಕ್ಟರಿಯಲ್ಲಿರುವ ಅವನ ಅಣ್ಣನಿಗೂ ಇದೇ ಕಾಯಿಲೆಯಂತೆ, ಅವನು ತಿನ್ನುವ ಹಾಗಲಕಾಯಿ ಪುಡಿ ಕೇಳಿ ತಂದಿದ್ದ. ಹೋಗುವಾಗ ಹೊಸ್ತಿಲಲ್ಲಿ ನಿಂತು, ‘ಚಾಚಾ, ಹ್ವಾದ ವರ್ಷ ನನಗೂ ಜ್ವರ ಇತ್ತರಿ. ಮೂರ ದಿನದ್ದು. ಗುಳಿಗಿ ನುಂಗಾಕಂತ ಪಾವ್ ತಗೊಂಡಿದ್ದೆ’ ಅಂದ. ಆಗಲೇ ಯಾಕೆ ಹೇಳಲಿಲ್ಲವೋ ಎಂದೆ. ‘ನೀವು ಕೇಳಲಿಲ್ಲರಿ’ ಅಂದ. ಅವನಿಗೆ ವರ್ಷವಿಡೀ ‘ಪಾವ್’ ಅಂದವರು ನನಗೆ ಒಂದು ಮಾತೂ ಅಂದಿಲ್ಲ, ‘ಚಾಚಾ, ಜ್ವಾಕಿ’ ಅನ್ನುತ್ತಾರೆ. ಬೈದದ್ದು ನಲವತ್ತು ಜನರ ಮುಂದೆ, ಮಾಫಿಯನ್ನು ಹೊಸ್ತಿಲಲ್ಲಿ ಕೇಳಿದರೆ ಸಾಲದು. ಈ ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರೆದುರು ಎದ್ದು ನಿಂತು ಕೇಳಬೇಕೆಂದಿದ್ದೇನೆ. ನನ್ನ ಮೇಲೆ ನನಗೇ ಪೂರ್ತಿ ಭರವಸೆ ಇಲ್ಲ. ಈ ಕಾಗದ ನಿನಗೆ ಮುಟ್ಟುವಷ್ಟರಲ್ಲಿ ಆ ಶುಕ್ರವಾರ ಹೋಗಿರುತ್ತದೆ. ಫೋನ್ ಮಾಡಿದಾಗ ಮಾಫಿ ಕೇಳಿದಿರೋ ಇಲ್ಲವೋ ಎಂದು ಮೊದಲು ಅದನ್ನೇ ಕೇಳು. ನಾನು ಬೇರೆ ಮಾತು ತೆಗೆದರೆ ಬಿಡಬೇಡ.