ಈಶಪ್ಪನಿಗೆ ಕೇಳಿಸಬೇಕಿದ್ದ ಧ್ವನಿ

ನಾಗಲಕ್ಷ್ಮಿ,

ಈಶಪ್ಪ ಹೋಗಿಬಿಟ್ಟ. ನೀನು ಮಾರ್ಕೆಟ್ಟಿಗೆ ಹೋದ ಮೇಲೆ ತಿಳಿಯಿತು. ದೊಡ್ಡನೆಕ್ಕುಂದಿಗೆ, ಅವನ ಮನೆಗೆ ಹೊರಟಿದ್ದೇನೆ.

ನಡುಮನೆಯಲ್ಲಿ ಹಳೇ ಟೀವಿಯ ಹಿಂಬದಿ ಬಿಚ್ಚಿದೆ. ಪ್ಲಗ್ ತೆಗೆದಿದ್ದೇನೆ, ಆದರೂ ಮುಟ್ಟಬೇಡ. ಪಿಕ್ಚರ್ ಟ್ಯೂಬಿನಲ್ಲಿ ಕರೆಂಟು ಉಳಿದಿರುತ್ತದೆ. ಹಾಲು ಕಾಯಿಸಲು ಮರೆತೆ.

ಈಶಪ್ಪ, ನಾನು ಇಬ್ಬರೂ ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿದ್ದಾಗ ಭಾನುವಾರಗಳಂದು ಕೂತು ಕಟ್ಟಿದ ಟೀವಿ ಅದು. ಚಿತ್ರದ ಗಾಜಿನ ವಾಲ್ವುಗಳು ನನ್ನವು, ಧ್ವನಿಯ ಐಸಿ ಚಿಪ್ಪು ಅವನದು. ಐಸಿ ಸುಟ್ಟುಹೋದಾಗ, 'ನಿನ್ನ ಚಿಪ್ಪು ಬಾಳಲಿಲ್ಲ ನೋಡು' ಎಂದು ಆಡಿಕೊಂಡೆ. ಕಣ್ಣು ಹೋದ ಮೇಲೂ ಅವನು ಕೇಳುತ್ತಲೇ ಇದ್ದ: 'ಚಿತ್ರ ನನಗ ಕಾಣಂಗಿಲ್ಲ, ಧ್ವನಿಯರ ಒಮ್ಮೆ ಕೇಳಸೋ.' ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕ ಬೇರೆ ಐಸಿ ಯುಗಾದಿಯಿಂದ ನನ್ನ ಡಬ್ಬಿಯಲ್ಲೇ ಇತ್ತು. ಅವನಿಗೆ ಹೇಳಲಿಲ್ಲ. ಸುಮ್ಮನೆ ಹಟ, ಬೇರೇನಿಲ್ಲ.

ಇವತ್ತು ಹಾಕಿದೆ. ವಾಲ್ವುಗಳು ಕಾದು ಕೆಂಪಾದವು, ವಾರ್ತೆ ಓದುವವಳ ಧ್ವನಿ ಬಂತು. ಮೊದಲು ಅವನೇ ಕೇಳಲಿ ಎಂದು ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದು ಫೋನ್ ಮಾಡಿದೆ. ಎತ್ತಿಕೊಂಡದ್ದು ಅವನ ಹೆಂಡತಿ ಮಹಾನಂದಾ. 'ಅಣ್ಣಾರ, ಟೀವಿ ಸಪ್ಪಳ ಸಣ್ಣ ಮಾಡ್ರಿ. ಮುಂಜಾನೆ ಅವರು ಹೋದ್ರು' ಎಂದಳು.

ಬೀಗ ಹಾಕಿಕೊಂಡು ನೀನೂ ಬಂದುಬಿಡು. ಬಸ್ಸಿಗೆ ಕಾಯಬೇಡ, ಆಟೋ ಹಿಡಿ. ಆಕೆಯ ಮುಂದೆ ಒಬ್ಬನೇ ನಿಲ್ಲಲು ನನ್ನಿಂದಾಗುವುದಿಲ್ಲ.