ಕತ್ತರಿಸಿದ ಹಸಿರು ವೈರು

ಅಣ್ಣಾ,

ಕ್ಷೇಮ ಸಮಾಚಾರ ಕೇಳುವುದನ್ನು ಈ ಸಲ ಬಿಟ್ಟಿದ್ದೇನೆ. ನೀನು ಕ್ಷೇಮವಾಗಿಯೇ ಇರುತ್ತೀಯ, ಅದರಲ್ಲಿ ಅನುಮಾನವಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ನಗುತ್ತೀಯ, "ಆಯ್ತು ಬಿಡೇ" ಅನ್ನುತ್ತೀಯ, ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಇದನ್ನು ಪೂರ್ತಿ ಓದು.

ನಿನ್ನನ್ನು ನೆನೆಸಿಕೊಂಡರೆ ನನಗೆ ಹೇಸಿಗೆಯಾಗುತ್ತಿದೆ. ಕೋಪ ಅಂತ ಬರೆಯಲು ಹೊರಟಿದ್ದೆ, ಕೈ ಬರಲಿಲ್ಲ. ಕೋಪವಾಗಿದ್ದರೆ ಎರಡು ತುತ್ತು ಉಂಡು ಮಲಗಿದರೆ ಇಳಿಯುತ್ತಿತ್ತು. ಇದು ಇಳಿಯುತ್ತಿಲ್ಲ.

ಈ ಬೇಸಿಗೆಯೆಲ್ಲ ನಾನು ಹೊಸ ಆಸ್ಪತ್ರೆಯೊಂದಕ್ಕೆ ಎಸಿ ಕೂರಿಸುವ ಕೆಲಸದಲ್ಲಿ ದೂರ ಇದ್ದೆ. ಆಗಲೇ ನೀನು ಅಮ್ಮನ ಮನೆಗೆ ಸೆಂಟ್ರಲ್ ಎಸಿ ಹಾಕಿಸಿದ್ದು. ಹಾಕಿಸಿದ್ದೇನು, ನೀನೇ ಹಾಕಿದ್ದು. ಅಟ್ಟದ ಮೇಲೆ ಬ್ಲೋವರ್, ಕೋಣೆಕೋಣೆಗೂ ಗಾಳಿಯ ಡಕ್ಟು, ಹಿತ್ತಲ ಗೋಡೆಯ ಪಕ್ಕ ದೊಡ್ಡ ಔಟ್‌ಡೋರ್ ಯೂನಿಟ್. ಅತ್ತಿಗೆಯ ತವರಿನವರೆಲ್ಲ ನೋಡಲು ಬಂದಿದ್ದರಂತೆ. ಹೊಸ ಮೆಷಿನ್ನಿಗೆ ಮೊದಲು ಕರೆಂಟು ಕೊಟ್ಟು ಒಂದಿಡೀ ಹಗಲು ಸುಮ್ಮನೆ ಬಿಡಬೇಕು, ಕಂಪ್ರೆಸರ್ ಒಳಗಿನ ಎಣ್ಣೆ ಬೆಚ್ಚಗಾದ ಮೇಲೆಯೇ ಓಡಿಸಬೇಕು ಅಂತ ನನಗೆ ಕಲಿಸಿದವನು ನೀನು. ಅವತ್ತು ನೆಂಟರ ಮುಂದೆ ಠೀವಿಯಿಂದ ಬಟನ್ ಒತ್ತಿದವನೂ ನೀನೇ. ಗಾಳಿಗೆ ಅಮ್ಮನ ಕೂದಲು ಹಾರುತ್ತಿರುವ ಫೋಟೊ ಕಳಿಸಿದ್ದೆಯಲ್ಲ, ಅದನ್ನು ನಾನು ಸೈಟಿನಲ್ಲಿ ಎಲ್ಲರಿಗೂ ತೋರಿಸಿ "ನಮ್ಮಣ್ಣ ಮಾಡಿದ್ದು" ಅಂತ ಬೀಗಿದ್ದೆ. ಈಗ ಅದನ್ನು ತೆರೆದು ನೋಡಲೂ ಮನಸ್ಸಿಲ್ಲ.

ಕೆಲಸ ಮುಗಿಸಿ ಮನೆಗೆ ಬಂದೆ. ಅಮ್ಮ ಟೀ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ತಂದುಕೊಟ್ಟಳು. ಕನ್ನಡಿಯ ಪಕ್ಕದಲ್ಲಿ ಮಾತ್ರೆಯ ಪಟ್ಟಿ ಇತ್ತು. ಅತ್ತಿಗೆ ಕೆಲಸಕ್ಕೆ ಹೊರಡುವ ಮೊದಲು ನಿನ್ನ ಮಗಳನ್ನು ಬಿಟ್ಟುಹೋದಳು. ಮಗು ಅಂಬೆಗಾಲಿಟ್ಟು ಬಂದು ಅಜ್ಜಿಯ ಕಾಲು ಹಿಡಿದು ಎದ್ದು ನಿಂತಿತು, ಎತ್ತಿಕೋ ಅಂತ ಗಲಾಟೆ ಮಾಡಿತು. ಅಮ್ಮ ಎತ್ತಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತುಬಿಟ್ಟಳು.

"ನನ್ನ ಕೈ ನಂಬೋ ಹಾಗಿಲ್ಲ ಕಣೇ. ಇದ್ದಕ್ಕಿದ್ದ ಹಾಗೆ ಜುಮ್ ಅನ್ನುತ್ತೆ. ಮಗೂನ ಎತ್ಕೊಂಡಿರೋವಾಗ ಹಾಗಾಗಿ ಬೀಳಿಸಿಬಿಟ್ರೆ ಏನು ಗತಿ?"

ಯಾವಾಗ ಜುಮ್ ಅನ್ನುತ್ತೆ ಅಂತ ಕೇಳಿದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗಲಂತೆ. ಬಕೆಟ್ಟಿಗೆ ಬಗ್ಗಿ ಏಳುವಾಗ ಅವಳು ಆಸರೆಗೆ ಯಾವುದನ್ನು ಹಿಡಿಯುತ್ತಾಳೆ ಅಂತ ನೋಡಲು ನಿನಗೆ ಒಂದು ನಿಮಿಷ ಸಾಕಿತ್ತು. ನಿನ್ನ ಔಟ್‌ಡೋರ್ ಯೂನಿಟ್ಟನ್ನು. ಅವಳು ನಿನಗೆ ಹೇಳಿದ್ದಳು. "ವಯಸ್ಸಾಯ್ತಲ್ಲಮ್ಮ, ನರದ ತೊಂದರೆ ಇರುತ್ತೆ, ಡಾಕ್ಟರಿಗೆ ತೋರಿಸೋಣ" ಅಂದೆಯಂತೆ. ನೀನೇ ಕರೆದುಕೊಂಡು ಹೋದೆಯಂತೆ. ಎಷ್ಟು ಮುದ್ದಾಗಿ ನೋಡಿಕೊಂಡ ಅಂತ ಅಮ್ಮ ಇವತ್ತಿಗೂ ಹೇಳುತ್ತಾಳೆ. ಥೂ!

ಯೂನಿಟ್ಟಿನ ಮೈಗೆ ಟೆಸ್ಟರ್ ಇಟ್ಟೆ. ದೀಪ ಹತ್ತಿತು. ಒಳಗೆ ಹೋಗಿ ಎಸಿಯ ಸ್ವಿಚ್ಚು ಆಫ್ ಮಾಡಿ ಮೇನ್ ಬೋರ್ಡ್ ಬಿಚ್ಚಿದೆ. ಅಲ್ಲಿ ಎರಡು ಹಸಿರು ವೈರು, ಒಂದು ಹೊರಗಿನ ಯೂನಿಟ್ಟಿನದು, ಇನ್ನೊಂದು ಬ್ಲೋವರಿನದು. ಎರಡನ್ನೂ ಕತ್ತರಿಸಿ ಪಕ್ಕಕ್ಕೆ ಮಡಚಲಾಗಿತ್ತು. ನಿನಗೆ ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಬರೆಯುತ್ತೇನೆ, ಓದುವಾಗ ನಿನ್ನ ಮುಖ ಸುಡಲಿ. ಒಳಗೆಲ್ಲೋ ಕರೆಂಟು ಸೋರಿ ಕಬ್ಬಿಣದ ಮೈಗೆ ಬಂದರೆ, ಈ ಹಸಿರು ವೈರು ಅದನ್ನು ನೆಲಕ್ಕೆ ಒಯ್ಯುತ್ತದೆ, ಆಗ ಬೋರ್ಡಿನ ಟ್ರಿಪ್ ಸ್ವಿಚ್ಚು ಬೀಳುತ್ತದೆ. ನೀನು ಬಟನ್ ಒತ್ತಿದಾಗಲೂ ಬಿದ್ದಿರಬೇಕು. ನೀನು ಮತ್ತೆ ಎತ್ತಿದೆ, ಮತ್ತೆ ಬಿತ್ತು. ಆಚೆ ನೆಂಟರು ಕಾಯುತ್ತಿದ್ದರು. ಎಲ್ಲಿ ಸೋರುತ್ತಿದೆ ಅಂತ ಹುಡುಕುವ ಬದಲು ನೀನು ಎರಡೂ ಹಸಿರು ವೈರನ್ನೇ ಕತ್ತರಿಸಿದೆ; ಎರಡು ಮೆಷಿನ್ನುಗಳ ಮೈಯನ್ನೂ ತಾಮ್ರದ ಪೈಪು ಜೋಡಿಸುತ್ತದೆ, ಒಂದನ್ನು ಬಿಟ್ಟಿದ್ದರೂ ಸ್ವಿಚ್ಚು ಬೀಳುತ್ತಿತ್ತು. ಸ್ವಿಚ್ಚು ಬೀಳುವುದು ನಿಂತಿತು, ಚಪ್ಪಾಳೆಯೂ ಬಿತ್ತು. ಸೋರಿದ ಕರೆಂಟು ಮಾತ್ರ ಅಮ್ಮನ ಕೈಗಾಗಿ ಕಾದು ಕೂತಿತು. ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದದ್ದು ಅವಳ ಪುಣ್ಯ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಒಂದು ದಿನ ಹೋಗಿದ್ದರೆ?

ಬೇರೆ ಯಾರೋ ಕೈಯಾಡಿಸಿದ್ದಾರೆ ಅಂತ ಆ ಗಳಿಗೆಯಲ್ಲಿ ನಂಬಲು ಒದ್ದಾಡಿದೆ ಅಣ್ಣಾ. ಆದರೆ ಕತ್ತರಿಸಿದ ತುದಿಗಳಿಗೆ ಸುತ್ತಿದ್ದ ಟೇಪಿನ ಕೊನೆಯನ್ನು ಪುಟ್ಟದಾಗಿ ಒಳಕ್ಕೆ ಮಡಚಲಾಗಿತ್ತು. ನೀನು ಅದನ್ನು ಕಿವಿ ಅನ್ನುತ್ತಿದ್ದೆ. "ಮುಂದೆ ಬಿಚ್ಚೋನು ಉಗುರಲ್ಲಿ ಕೆರೀಬಾರದು ಕಣೇ, ಅವನಿಗೊಂದು ಕಿವಿ ಬಿಟ್ಟಿರಬೇಕು." ಯಾರೋ ಗುರುತಿಲ್ಲದ ಎಲೆಕ್ಟ್ರಿಷಿಯನ್ನಿನ ಉಗುರಿನ ಬಗ್ಗೆ ನಿನಗೆ ಅಷ್ಟು ಕಾಳಜಿ. ಆ ಕಿವಿಯನ್ನು ಹಿಡಿದು ಎಳೆದಾಗ ಟೇಪು ಸಲೀಸಾಗಿ ಬಿಚ್ಚಿಕೊಂಡಿತು. 

ಆಮೇಲೆ ನೀನು ಕಲಿಸಿದಂತೆಯೇ ಎಲ್ಲ ಮಾಡಿದೆ, ಅದೊಂದು ಬೇರೆ ಹಿಂಸೆ. ಬೋರ್ಡಿನಲ್ಲಿ ಆಫ್ ಮಾಡಿದ್ದ ಸ್ವಿಚ್ಚಿಗೆ ನನ್ನ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿದೆ. ಹಿತ್ತಲ ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿದೆ. ಟೆಸ್ಟರನ್ನು ಮೊದಲು ಜೀವವಿರುವ ಪ್ಲಗ್ಗಿಗೆ ಇಟ್ಟು ನೋಡಿ, ಆಮೇಲೆ ಮೆಷಿನ್ನಿನ ವೈರಿಗೆ ಇಟ್ಟು, ಮತ್ತೆ ಪ್ಲಗ್ಗಿಗೇ ಇಟ್ಟು ನೋಡಿದೆ. "ಲೈನ್ ಸತ್ತಿದೆ ಅಂತ ಯಾರು ಹೇಳಿದ್ರೂ ನಂಬಬೇಡ. ನಾನು ಹೇಳಿದ್ರೂ ನಂಬಬೇಡ" ಅನ್ನುತ್ತಿದ್ದೆಯಲ್ಲ. ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಇಳಿಸಿಯೇ ಒಳಗೆ ಕೈ ಹಾಕಿದೆ. ವೈರು ಒಳಹೋಗುವ ತಗಡಿನ ತೂತಿಗೆ ರಬ್ಬರ್ ಬಳೆ ಹಾಕಿರಲಿಲ್ಲ. ವೈರನ್ನು ಒಳಕ್ಕೆ ಎಳೆದಾಗಲೇ ತಗಡಿನ ಅಂಚು ಅದರ ಸಿಪ್ಪೆ ಸುಲಿದಿತ್ತು. ಒಂದು ಬಳೆ ಅಣ್ಣಾ! ಡಬ್ಬಿಯ ತಳದಲ್ಲಿ ಹುಡುಕಿದರೆ ಹಿಡಿಗಟ್ಟಲೆ ಸಿಗುತ್ತವೆ.

ವೈರು ಬದಲಾಯಿಸಿ ಬಳೆ ಹಾಕಿದೆ, ಎರಡೂ ಹಸಿರು ವೈರುಗಳನ್ನು ಅವುಗಳ ಜಾಗಕ್ಕೆ ಸೇರಿಸಿ ಬಿಗಿದೆ. ಸೋರಿಕೆ ಇಲ್ಲವೆಂದು ಮೀಟರಿನಲ್ಲಿ ಖಾತ್ರಿಯಾದ ಮೇಲೆ ಕರೆಂಟು ಕೊಟ್ಟು ಎಣ್ಣೆ ಬೆಚ್ಚಗಾಗಲು ಬಿಟ್ಟೆ. ಮರುದಿನ ಓಡಿಸಿದೆ. ಸ್ವಿಚ್ಚು ಬೀಳಲಿಲ್ಲ. ಯೂನಿಟ್ಟಿನ ಮೈಗೆ ಇಟ್ಟ ಟೆಸ್ಟರಿನ ದೀಪ ಹತ್ತಲಿಲ್ಲ. ಕೋಣೆಗಳೆಲ್ಲ ತಣ್ಣಗಾದವು.

ಅಮ್ಮನನ್ನು ಕೂರಿಸಿ ಎಲ್ಲ ಹೇಳಿದೆ. ನಿನ್ನ ಕೈಗೆ ಏನೂ ಆಗಿಲ್ಲಮ್ಮ, ಮೆಷಿನ್ನಿನ ಕಾಯಿಲೆ ಅದು ಅಂದೆ. ಅವಳು ನನ್ನನ್ನೇ ಕನಿಕರದಿಂದ ನೋಡಿದಳು.

"ಅವನು ಹಾಗೆ ಬಿಟ್ಟಿರ್ತಾನಾ? ನಿನಗೆ ಕಲಿಸಿದ್ದೇ ಅವನಲ್ವಾ? ನರ ಅಂತ ಅವನೇ ಹೇಳಿದಾನೆ."

ಕೈ ಹಿಡಿದು ಹಿತ್ತಲಿಗೆ ಕರೆದೊಯ್ದೆ, ಮೆಷಿನ್ ಮುಟ್ಟಿಸಲು ನೋಡಿದೆ. ಕೊಸರಿಕೊಂಡು ಒಳಗೆ ಬಂದು ಮಾತ್ರೆ ನುಂಗಿದಳು. ನನ್ನ ಮಾತು, ಟೆಸ್ಟರು, ಮೀಟರು ಯಾವುದೂ ಅವಳ ಮುಂದೆ ನಡೆಯಲಿಲ್ಲ. ನೀನು ಹೇಳಿದ್ದು ಅವಳಿಗೆ ವೇದವಾಕ್ಯ. ಅಷ್ಟು ನಂಬುವವಳಿಗೆ ನೀನು ಸುಳ್ಳು ಕಾಯಿಲೆ ಅಂಟಿಸಿದೆ, ಅದನ್ನು ಬಿಡಿಸಲು ನಿನ್ನ ಬಾಯಿಯೇ ಆಗಬೇಕು.

ಅದಕ್ಕೇ ಎಸಿ ಆಫ್ ಮಾಡಿ ಅದರ ಸ್ವಿಚ್ಚಿಗೆ ಮತ್ತೆ ಬೀಗ ಹಾಕಿದ್ದೇನೆ. ಈಗ ಮನೆ ಕಾದ ಕಾವಲಿಯ ಹಾಗಿದೆ, ಇರಲಿ, ಬೆವರುತ್ತೇವೆ. ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟಿದ್ದೇನೆ, ಅಣ್ಣ ಬಂದು ಕೇಳಿದರೆ ಮಾತ್ರ ಕೊಡು ಅಂದಿದ್ದೇನೆ. ನೀನು ಬಾ, ಮಗಳನ್ನೂ ಕರೆದುಕೊಂಡು ಬಾ. "ವೈರು ಕತ್ತರಿಸಿದ್ದು ನಾನು, ನಿನ್ನ ಕೈ ಚೆನ್ನಾಗಿದೆ" ಅಂತ ಅಮ್ಮನಿಗೆ ಹೇಳು. "ಏನೋ ಸಣ್ಣ ಮಿಸ್ಟೇಕು" ಅಂತ ತೇಲಿಸಬೇಡ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಹೇಳಿದ ಮೇಲೆ ಮಗುವನ್ನು ಅವಳ ಕೈಗೆ ಕೊಡು. ಅವಳು ಎತ್ತಿಕೊಂಡರೆ ಬೀಗದ ಕೈ ಕೇಳು.

ತಂಗಿಯಾದವಳು ಕಾಗದದ ಕೊನೆಗೆ ಅಣ್ಣನ ಆಶೀರ್ವಾದ ಬೇಡಬೇಕು. ನನಗೆ ಈಗ ಅದು ಬೇಡ. ಅಮ್ಮನ ಮುಂದೆ ನಿನ್ನ ನಾಲಿಗೆ ತಡವರಿಸದಿರಲಿ, ಅಷ್ಟನ್ನು ಮಾತ್ರ ನಿನಗೆ ಹಾರೈಸುತ್ತೇನೆ.

ಹಿಡಿದರೆ ಬಿಡಳು ಅಂತ ನೀನೇ ಹೆಸರಿಟ್ಟ,
ಇಕ್ಕಳ