ಬಿಳಿ ಮಬ್ಬಿನ ಚಿತ್ರ

ಮಸಾಕಾ
ಶುಕ್ರವಾರ, ೧೨ ಜುಲೈ ೨೦೨೪

ಪ್ರೀತಿಯ ಸೋದರತ್ತೆಗೆ,

ಎದುರಿಗಿದ್ದರೆ ಮಂಡಿಯೂರಿ ಕ್ಷೇಮ ಕೇಳುತ್ತಿದ್ದೆ. ಇಲ್ಲಿಂದಲೇ ಊರಿದ್ದೇನೆ ಎಂದುಕೊಳ್ಳಿ. ಇಂಥ ಮಾತನ್ನು ಅಮ್ಮನಿಗೆ ಹೇಳುವಂತಿಲ್ಲ, ನಿಮಗೇ ಹೇಳಬೇಕು. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆ ತೆಳು. ಟ್ಯಾಕ್ಸಿಯವನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ.

ಹೋದ ವಾರ ಚರ್ಚಿನ ಹೆಂಗಸರೆಲ್ಲ ಒಂದೇ ಬಣ್ಣದ ಗೊಮೆಸಿ ನಿಲುವಂಗಿ ತೊಟ್ಟು, ಸ್ತನದ ಎಕ್ಸ್‌ರೇ ತೆಗೆಸಲು ಆಸ್ಪತ್ರೆಗೆ ಹೋಗಿದ್ದೆವು. ನರ್ಸ್ ಎಲ್ಲರೆದುರೇ, “ಮಕ್ಕಳಾಗದ ಹಾಗೆ ಮಾತ್ರೆ, ಇಂಜೆಕ್ಷನ್ ಏನಾದ್ರೂ ತಗೊಳ್ತಿದ್ದೀರಾ?” ಎಂದಳು. ನಾನು ಬಾಯಿ ಬಿಡುವ ಮೊದಲೇ ಸಂಘದ ಕಾರ್ಯದರ್ಶಿ ನಲ್ವೋಗಾ, “ಗಂಡ ಹೋಗಿ ಆರು ವರ್ಷ ಆಯ್ತು ಕಣಮ್ಮ, ಇವಳಿಗ್ಯಾಕೆ ಮಾತ್ರೆ? ದೆವ್ವದಿಂದ ಬಸಿರಾಗ್ತಾಳಾ?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಇಲ್ಲ ಎಂದೆ.

ಈಗ ಚಿತ್ರ ಬಂದಿದೆ. ಡಾಕ್ಟರ್ ಅಚೆಂಗ್ ಅದನ್ನು ಬೆಳಕಿಗೆ ಹಿಡಿದು, “ಎರಡು ವರ್ಷದ ಹಿಂದೆ ಇಷ್ಟು ಬೆಳ್ಳಗಿರ್ಲಿಲ್ಲ. ದಟ್ಟವಾದ ಭಾಗಾನೂ ಇದ್ರಲ್ಲಿ ಬಿಳಿ, ಗಂಟೂ ಬಿಳಿ. ಒಂದರ ಹಿಂದೆ ಇನ್ನೊಂದು ಅಡಗಿದ್ರೆ ಕಾಣಲ್ಲ. ಹಾರ್ಮೋನ್ ಔಷಧಿ ಏನೂ ಇಲ್ಲ ತಾನೇ?” ಎಂದರು. ಮತ್ತೆ ಇಲ್ಲ ಎಂದೆ. ಒಂಟಿಯಾಗಿದ್ದ ಸುಳ್ಳು ಜಂಟಿಯಾಯಿತು.

ಅತ್ತೆ, ಮಾತ್ರೆ ಇದೆ. ಹೋದ ವರ್ಷದಿಂದ ನುಂಗುತ್ತಿದ್ದೇನೆ. ಮುಟ್ಟಿನಲ್ಲಿ ವಿಪರೀತ ಸ್ರಾವ, ಅದಕ್ಕೆ. ಈಗ ಈ ಬಿಳುಪು ಮಾತ್ರೆಯದೋ, ರೋಗದ್ದೋ? ಬೆಳಿಗ್ಗೆ ಮಾತ್ರೆಯದೇ ಎನಿಸಿ ಚಹಾ ರುಚಿಸುತ್ತದೆ; ಮಧ್ಯಾಹ್ನಕ್ಕೆ ರೋಗದ್ದೇ ಎನಿಸಿ ಒಲೆ ಹಚ್ಚಿ, ಮಟೋಕೆ ಬಾಳೆಕಾಯಿ ಬೇಯಲು ಇಡುವುದನ್ನೇ ಮರೆಯುತ್ತೇನೆ. “ಸ್ರಾವಕ್ಕೆ ತಾನೇ, ಹೇಳಿದ್ರೆ ಏನಾಗುತ್ತೆ?” ಅಂತೀರಿ. ಗೊತ್ತಿಲ್ಲ ಅತ್ತೆ. ನಾಚಿಕೆಯೋ, ಅಂಜಿಕೆಯೋ.

ಮಂಗಳವಾರ ಸ್ಕ್ಯಾನಿಂಗ್ ಇದೆ. ನೀವು ಬರಲೇಬೇಕು.

ನಿಮ್ಮ
ನಂಸಿಕೊಂಬಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಆಸ್ಪತ್ರೆಗೆ ಹೋಗಿ ಮಾತ್ರೆಯ ವಿಷಯ ಹೇಳಿ ಬಂದೆ. “ಮೊದ್ಲೇ ಹೇಳ್ಬಾರ್ದಿತ್ತೇನ್ರೀ? ಅದ್ರಿಂದಾನೂ ಹೀಗಾಗಬಹುದು. ಹಾಗಂತ ಎಲ್ಲಾ ಅದರ ಮೇಲೇ ಹೊರಿಸೋಕಾಗಲ್ಲ, ಸ್ಕ್ಯಾನಿಂಗಿಗೆ ಬನ್ನಿ” ಎಂದರು ಡಾಕ್ಟರು. ಯಾಕೆ ನುಂಗುತ್ತೀರಿ ಎಂದು ಕೇಳಲೇ ಇಲ್ಲ. ನಿಮಗಾದರೂ ನಿಜ ಹೇಳುತ್ತೇನೆ: ಸ್ರಾವ ಗೀವ ಏನೂ ಇಲ್ಲ. ನಮ್ಮ ಚರ್ಚಿನ ಗಾಯಕರಲ್ಲಿ ಕಟೆಂಡೆ ಎಂಬುವರಿದ್ದಾರೆ. ಡಾಕ್ಟರಿಗೆ ಹೇಳಿಬಿಡು ಎಂದವರೂ ಅವರೇ. ಮಂಗಳವಾರ ಅವರು ಬಂದು ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂರುತ್ತಾರೆ. ಮದುವೆ ಮಾತು ಮಾತ್ರ ತೆಗೆಯಬೇಡಿ ಅತ್ತೆ. ಮೊದಲು ನಾನು ಒಳಗಿಂದ ಹೊರಗೆ ಬರಲಿ.